ಎಡಗಡೆಯ ಪ್ಯಾಡ್ ಮಾತ್ರ ಸವೆದರೆ

ಪ್ರಶ್ನೆ: ನಾನು ಹದಿನೆಂಟು ವರ್ಷದಿಂದ ವಾಸ್ಕೊದಲ್ಲಿದ್ದೇನೆ. ನಮ್ಮದು ಒಂಬತ್ತು ವರ್ಷ ಹಳೆಯ, ಕೈಯಿಂದ ಗೇರ್ ಹಾಕುವ ಸೆಡಾನ್. ಹಿಂದಿನ ಚಕ್ರಗಳಿಗೂ ಡಿಸ್ಕ್ ಬ್ರೇಕ್ ಇದೆ, ಹ್ಯಾಂಡ್‌ಬ್ರೇಕ್ ಕೈಯಿಂದ ಎಳೆಯುವಂಥದು. ಮಳೆಗಾಲ ಕಳೆದು ಧಾರವಾಡಕ್ಕೆ ಹೋಗಿ ಬರುವಾಗ ಅನಮೋಡ ಘಾಟಿಯಲ್ಲಿ ಹಿಂದುಗಡೆಯಿಂದ ಕಬ್ಬಿಣ ಉಜ್ಜಿದಂಥ ಸದ್ದು ಬಂತು. ಚಕ್ರ ಬಿಚ್ಚಿ ನೋಡಿದರೆ ಎಡಗಡೆಯ ಒಳ ಬ್ರೇಕ್ ಪ್ಯಾಡ್ ತಗಡಿನವರೆಗೆ ಸವೆದಿದೆ. ಬಲಗಡೆಯವು ಅರ್ಧಕ್ಕಿಂತ ಹೆಚ್ಚು ಉಳಿದಿವೆ. ಹತ್ತು ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ನಾಲ್ಕನ್ನೂ ಹೊಸದು ಹಾಕಿಸಿದ್ದೆ. ಈ ಸಲ ಮನೆಯಲ್ಲೇ ಬದಲಿಸೋಣವೆಂದು ಸೆಟ್ ತಂದಿದ್ದೇನೆ. ಆದರೆ ಸಿ-ಕ್ಲ್ಯಾಂಪ್ ಎಷ್ಟು ಬಿಗಿದರೂ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಒಳಕ್ಕೆ ಹೋಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಕ್ಲ್ಯಾಂಪನ್ನು ಸಡಿಲಿಸಿ ತೆಗೆದಿಡಿ. ಮುಂದಿನ ಬ್ರೇಕಿನ ಪಿಸ್ಟನ್ ಬರಿಯ ಒತ್ತಡಕ್ಕೆ ಹಿಂದೆ ಸರಿಯುತ್ತದೆ, ಆದರೆ ನಿಮ್ಮ ಕಾರಿನ ಹಾಗೆ ಹ್ಯಾಂಡ್‌ಬ್ರೇಕಿನ ಕೇಬಲ್ ನೇರವಾಗಿ ಹಿಂದಿನ ಕ್ಯಾಲಿಪರಿಗೇ (ಪಿಸ್ಟನ್, ಪ್ಯಾಡುಗಳನ್ನು ಡಿಸ್ಕಿನ ಎರಡೂ ಬದಿ ಹಿಡಿದಿರುವ ಭಾಗಕ್ಕೆ) ಬಂದು ಸೇರಿದ್ದರೆ ಅದರ ಪಿಸ್ಟನ್ನಿನ ಒಳಗೆ ಥ್ರೆಡ್ ಇರುವ ಒಂದು ಸ್ಕ್ರೂ ಇರುತ್ತದೆ. ಪ್ಯಾಡ್ ಸವೆದಂತೆಲ್ಲ ಆ ಸ್ಕ್ರೂ ಪಿಸ್ಟನ್ನನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಂದು ನಿಲ್ಲಿಸುತ್ತದೆ. ಅದನ್ನು ತಿರುಗಿಸುತ್ತಲೇ ಒತ್ತಬೇಕು. ಬರಿದೇ ಒತ್ತಿದರೆ ಒಳಗಿನ ಥ್ರೆಡ್ ಹಾಳಾಗಿ, ಪ್ಯಾಡಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಕ್ಯಾಲಿಪರಿನ ಖರ್ಚಿಗೆ ಹೋಗುತ್ತದೆ. ಪಿಸ್ಟನ್ನಿನ ಮುಖದ ಮೇಲಿರುವ ಹಳ್ಳಗಳಿಗೆ ಕೂರುವ, ತಿರುಗಿಸಿ ಒಳಕ್ಕೆ ಕಳಿಸುವ ಸಾಧನ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು, ಕೆಲವು ಕಾರುಗಳಲ್ಲಿ ಒಂದು ಬದಿ ಇದಕ್ಕೆ ವಿರುದ್ಧವಾಗಿರುತ್ತದೆ. ಎರಡು ಸುತ್ತು ತಿರುಗಿಸಿಯೂ ಪಿಸ್ಟನ್ ಹೊರಗೇ ಬರುತ್ತಿದ್ದರೆ ದಿಕ್ಕು ತಪ್ಪಿದೆ ಎಂದು ತಿಳಿಯಿರಿ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಪಿಸ್ಟನ್ ಅಲ್ಲ, ಎಡ-ಬಲದ ವ್ಯತ್ಯಾಸ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಹಿಂದಿನ ಪ್ಯಾಡ್, ಅದೂ ಒಂದೇ ಬದಿಯದು, ಹತ್ತು ತಿಂಗಳಿಗೆ ತಗಡಿಗೆ ಬಂದಿದೆಯೆಂದರೆ ಅದು ನೀವು ಬ್ರೇಕ್ ಒತ್ತದಿರುವಾಗಲೂ ಡಿಸ್ಕಿಗೆ ಅಂಟಿಕೊಂಡೇ ಓಡಿದೆ. ಕಾರಣವನ್ನು ಹುಡುಕದೆ ಹೊಸ ಸೆಟ್ ಹಾಕಿದರೆ ಮುಂದಿನ ಮಳೆಗಾಲಕ್ಕೆ ಇದೇ ಪತ್ರವನ್ನು ನನಗೆ ಮತ್ತೆ ಬರೆಯುತ್ತೀರಿ. ಹಿಂದಿನ ಸಲ ಪ್ಯಾಡ್ ಹಾಕಿದವರು ಮಾಡದೆ ಬಿಟ್ಟದ್ದೂ ಬಹುಶಃ ಇದನ್ನೇ.

ಗೋವೆಯ ಕಡಲಗಾಳಿಯಲ್ಲಿ ಅನುಮಾನ ಪಡಬೇಕಾದ ಜಾಗಗಳು ಎರಡು. ಮೊದಲನೆಯದು ಹ್ಯಾಂಡ್‌ಬ್ರೇಕಿನ ಕೇಬಲ್. ಕ್ಯಾಲಿಪರಿನ ಹಿಂಭಾಗದಲ್ಲಿ ಕೇಬಲ್ ಸಿಕ್ಕಿಸಿರುವ ಪುಟ್ಟ ಸನ್ನೆಯನ್ನು (ಲಿವರ್) ನೋಡಿ. ಯಾರನ್ನಾದರೂ ಕಾರಿನೊಳಗೆ ಕೂರಿಸಿ ಹ್ಯಾಂಡ್‌ಬ್ರೇಕ್ ಎಳೆದು ಬಿಡಿಸಿದರೆ ಆ ಸನ್ನೆ ಪೂರ್ತಿ ಹಿಂದೆ ಬಂದು ತನ್ನ ತಡೆಗೆ ತಾಗಬೇಕು. ಅರ್ಧದಲ್ಲೇ ನಿಂತರೆ ಕೇಬಲ್ಲಿನ ತುದಿಯನ್ನು ಸನ್ನೆಯಿಂದ ಬಿಡಿಸಿ. ಆಗ ಸನ್ನೆ ತಾನಾಗಿ ಹಿಂದಕ್ಕೆ ಹಾರಿದರೆ ದೋಷ ಕೇಬಲ್ಲಿನದು, ಅದರ ಕವಚದೊಳಗೆ ನೀರು ಹೋಗಿ ತುಕ್ಕು ಹಿಡಿದಿದೆ. ಆಗಲೂ ಅಲ್ಲೇ ನಿಂತರೆ ಕ್ಯಾಲಿಪರಿನದು, ಅದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಎರಡನೆಯದು ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಎರಡು ಪಿನ್ನುಗಳು. ರಬ್ಬರಿನ ಟೊಪ್ಪಿಗೆ ಹರಿದು ಒಳಗೆ ನೀರು ಇಳಿದರೆ ಪಿನ್ ಕಚ್ಚಿಕೊಳ್ಳುತ್ತದೆ. ಅವನ್ನು ಹೊರಗೆಳೆದು, ಹಳೆಯ ಗ್ರೀಸ್ ಒರೆಸಿ, ತುಕ್ಕಿನ ಕಲೆ ಮಾತ್ರವಿದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜಿ, ಗುಳಿ ಬಿದ್ದಿದ್ದರೆ ಹೊಸದನ್ನೇ ತನ್ನಿ. ಹಚ್ಚಬೇಕಾದದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸಿ ಪಿನ್ನನ್ನು ಮತ್ತೆ ಬಿಗಿಯುತ್ತದೆ. ಸರಿಯಾದ ಪಿನ್ ಎರಡು ಬೆರಳಿನ ಒತ್ತಿಗೆ ಒಳಗೆ ಹೋಗಿ, ಬಿಟ್ಟೊಡನೆ ಗಾಳಿಯ ಒತ್ತಡಕ್ಕೆ ಕೂದಲೆಳೆಯಷ್ಟು ಹಿಂದೆ ಬರುತ್ತದೆ.

ಇನ್ನು ಕೆಲಸದ ಕ್ರಮ. ಹಿಂದಿನ ಚಕ್ರ ಬಿಚ್ಚುವಾಗ ಹ್ಯಾಂಡ್‌ಬ್ರೇಕ್ ಬಿಟ್ಟಿರಲೇಬೇಕಾದ್ದರಿಂದ ಕಾರನ್ನು ತಡೆಯುವುದು ಮುಂದಿನ ಚಕ್ರಗಳ ಎರಡೂ ಕಡೆ ಇಟ್ಟ ಅಡೆಗಳು ಮಾತ್ರ. ಮುಂದಿನ ಚಕ್ರಗಳಿಂದ ಓಡುವ ಕಾರಾದರೆ ಗೇರಿನಲ್ಲೂ ಇಡಿ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ. ಮಣ್ಣಿನ ಅಂಗಳವಾದರೆ ಜಾಕಿನ ಕೆಳಗೆ ದಪ್ಪ ಹಲಗೆ ಹಾಕಿ, ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಕೊಡಿ. ಗೋವೆಯ ಮನೆಯಂಗಳಗಳಲ್ಲಿ ಕೈಗೆ ಸುಲಭವಾಗಿ ಸಿಗುವುದು ಕೆಂಪು ಚಿರೆಕಲ್ಲು. ಅದನ್ನು ಕಾರಿನ ಕೆಳಗೆ ಆನಿಕೆಯಾಗಿ ಇಡುವವರನ್ನು ನಾನೇ ಕಂಡಿದ್ದೇನೆ. ಆ ಕಲ್ಲು ಮುನ್ಸೂಚನೆ ಕೊಡದೆ ಸಿಡಿದು ಹೋಳಾಗುತ್ತದೆ.

ಒಂದು ಬದಿ ಮುಗಿಸಿದ ಮೇಲೆ ಇನ್ನೊಂದು ಬದಿಗೆ ಹೋಗಿ. ಕ್ಲಿಪ್ಪು ಯಾವ ಮುಖಕ್ಕಿತ್ತೆಂದು ಮರೆತರೆ ನೋಡಿಕೊಳ್ಳಲು ಬಿಚ್ಚದ ಬದಿ ಇರುತ್ತದೆ. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಪೈಪಿನಿಂದ ಜೋತಾಡಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪಿಸ್ಟನ್ ತಿರುಗಿಸುವ ಮುನ್ನ ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆಯಿರಿ. ಪಿಸ್ಟನ್ ಒಳಗೆ ಹೋದಂತೆ ಆಯಿಲ್ ಮೇಲೇರುತ್ತದೆ, ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ. ಪಿಸ್ಟನ್ ಒಳಗೆ ಹೋದ ಮೇಲೆ ಅದರ ಮುಖದ ಹಳ್ಳವನ್ನು, ಒಳ ಪ್ಯಾಡಿನ ಬೆನ್ನಿನಲ್ಲಿರುವ ಪುಟ್ಟ ಗುಬುಟು ಕೂರುವ ಜಾಗಕ್ಕೆ ಸರಿಯಾಗಿ ತಂದು ನಿಲ್ಲಿಸಬೇಕು. ತಪ್ಪಿದರೆ ಪ್ಯಾಡ್ ಓರೆಯಾಗಿ ಕುಳಿತು ಓರೆಯಾಗಿಯೇ ಸವೆಯುತ್ತದೆ.

ನಿಮ್ಮ ಎಡ ಡಿಸ್ಕಿಗೆ ಕಬ್ಬಿಣ ತಾಗಿದೆ. ಅದರ ಮೇಲೆ ಉಗುರು ಎಳೆದು ನೋಡಿ, ಆಳವಾದ ಗೆರೆ ಸಿಕ್ಕರೆ ಅಥವಾ ದಪ್ಪವು ಡಿಸ್ಕಿನ ಮೇಲೆ ಕೊರೆದಿರುವ ಕನಿಷ್ಠ ಅಳತೆಗಿಂತ ಕಡಿಮೆಯಿದ್ದರೆ ಎರಡೂ ಬದಿಯ ಡಿಸ್ಕನ್ನು ಜೊತೆಯಾಗಿ ಬದಲಿಸಿ. ಪ್ಯಾಡಿನ ಲೇಪ ಮೂರು ಮಿಲಿಮೀಟರಿಗೆ ಬಂದಾಗಲೇ ಬದಲಿಸುವ ಅಭ್ಯಾಸವಿದ್ದರೆ ಡಿಸ್ಕಿಗೆ ಈ ಗತಿ ಬರುವುದಿಲ್ಲ. ಎಲ್ಲ ಬೋಲ್ಟುಗಳ ಬಿಗಿತವನ್ನು ಕಾರಿನ ಕೈಪಿಡಿಯ ಲೆಕ್ಕಕ್ಕೆ ಟಾರ್ಕ್ ಪಾನದಿಂದಲೇ (ಬಿಗಿತದ ಅಳತೆ ತೋರಿಸುವ ಸ್ಪ್ಯಾನರ್) ಕೊಡಿ.

ಜೋಡಿಸಿ ಆದ ಮೇಲೆ ಎಂಜಿನ್ ಶುರು ಮಾಡುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ನಾನು ಒಮ್ಮೆ ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಇದನ್ನು ಮರೆತು ರಿವರ್ಸ್ ಹಾಕಿದೆ. ಪೆಡಲ್ ನೆಲಕ್ಕೆ ಹೋಯಿತು, ಕಾರು ಗೋಡೆಯ ಕಡೆ ಹೋಯಿತು. ಆಮೇಲೆ ಆಯಿಲಿನ ಮಟ್ಟ ನೋಡಿ, ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 15ಕ್ಕೆ ಮೆಲ್ಲಗೆ ಇಳಿಸುವುದನ್ನು ಎಂಟು-ಹತ್ತು ಸಲ, ನಡುವೆ ಆರಲು ಬಿಟ್ಟು, ಮಾಡಿ. ಮನೆಗೆ ಬಂದು ಎರಡೂ ಹಿಂದಿನ ಚಕ್ರಗಳ ಬಳಿ ಮುಟ್ಟದೆ ಕೈ ಹಿಡಿಯಿರಿ. ಎಡಗಡೆಯದರ ಕಾವು ಈಗಲೂ ಬಲಗಡೆಗಿಂತ ಎದ್ದು ಕಂಡರೆ ಕೇಬಲ್, ಪಿನ್ನುಗಳ ಪರೀಕ್ಷೆಗೆ ಮರಳಿ.

ಎರಡು ವರ್ಷದಿಂದ ಬ್ರೇಕ್ ಆಯಿಲ್ ಬದಲಿಸಿಲ್ಲವಾದರೆ ಘಾಟಿ ಇಳಿಯುವ ಮುನ್ನ ಅದನ್ನೂ ಮಾಡಿಸಿ. ಆ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದಕ್ಕೆ ಹೊಸದಿರುವಾಗ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ತೇವ ಹೀರಿದ ನಂತರದ ಕನಿಷ್ಠ ಮಿತಿ 155. ಊರಿಗೆ ಹೋಗಿ ಕಾರನ್ನು ವಾರಗಟ್ಟಲೆ ಮಳೆಯಲ್ಲಿ ಬಿಡುವಾಗ ಸಮತಟ್ಟು ನೆಲದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯದೆ ಬಿಡಿ.

ಪ್ರಶ್ನೆ: ಪುಣೆಯಲ್ಲಿ ನನ್ನದು ಮಾರುತಿ ಸ್ವಿಫ್ಟ್. ಹಿಂದಿನ ಬ್ರೇಕ್ ಪ್ಯಾಡನ್ನು ನಾನೂ ಹೀಗೆಯೇ ಬದಲಿಸಬಹುದೇ?

ಉತ್ತರ: ನಿಮ್ಮ ಕಾರಿನ ಹಿಂದಿನ ಚಕ್ರಗಳಲ್ಲಿರುವುದು ಡ್ರಮ್, ಅದರಲ್ಲಿ ಪ್ಯಾಡ್ ಇಲ್ಲ, ಲೈನರ್ ಇರುತ್ತದೆ. ಅದರ ಸ್ಪ್ರಿಂಗುಗಳನ್ನು ಕಳಚಿ ಕೂರಿಸುವುದು ಮೊದಲ ಸಲಕ್ಕೆ ಒಗ್ಗುವ ಕೆಲಸವಲ್ಲ. ತಿಳಿದವರ ಕೈಯಲ್ಲಿ ಮಾಡಿಸಿ, ಅವರು ಡ್ರಮ್ ತೆಗೆದಾಗ ಒಳಗಿನ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯ ಅಂಚನ್ನು ಎತ್ತಿ ಜಿನುಗು ಇದೆಯೇ ಎಂದು ತೋರಿಸಲು ಹೇಳಿ.