ಅಮೆರಿಕದ ಸಂಪ್ರದಾಯವಾದಿ ರಾಜ್ಯ ಕ್ಯಾನ್ಸಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದವರು ಗವರ್ನರ್ ಆಗಿದ್ದು ಹೇಗೆ?

ಮತದಾರರು ಪಕ್ಷ ಬದಲಿಸಿದ್ದರಿಂದಲ್ಲ, ಸರ್ಕಾರಿ ಶಾಲೆಗಳು ಸೊರಗಿದ್ದನ್ನು ಕಣ್ಣಾರೆ ಕಂಡಿದ್ದರಿಂದ. ಅಮೆರಿಕದಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರೇ ನೇರವಾಗಿ ಆರಿಸುವ, ಮುಖ್ಯಮಂತ್ರಿಯಂತೆ ಆಡಳಿತ ನಡೆಸುವವರು. ಹಾಗಾಗಿ ಬೊಕ್ಕಸ ಬರಿದಾದರೆ ಹೊಣೆ ಅವರದೇ.

2012ರಲ್ಲಿ ರಿಪಬ್ಲಿಕನ್ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಆದಾಯ ತೆರಿಗೆಯನ್ನು ಭಾರಿಯಾಗಿ ಕಡಿತಗೊಳಿಸಿದರು. ಆರ್ಥಿಕತೆ ಚಿಗುರಿ ನಷ್ಟ ತುಂಬುತ್ತದೆ ಎಂಬುದು ಅವರ ಲೆಕ್ಕಾಚಾರ. ಅದು ತುಂಬಲಿಲ್ಲ. ರಸ್ತೆಗೆ ಮೀಸಲಾದ ಹಣ ಬೇರೆಡೆ ಹರಿಯಿತು. 2015ರಲ್ಲಿ ಕೆಲವು ಶಾಲೆಗಳು ದುಡ್ಡಿಲ್ಲದೆ ಅವಧಿಗೆ ಮೊದಲೇ ಬಾಗಿಲು ಹಾಕಿದವು. ಊರಿನ ಜೀವವೇ ಶಾಲೆಯಾಗಿರುವ ಹಳ್ಳಿಗಾಡಿನಲ್ಲಿ ಇದು ಸಣ್ಣ ನೋವಲ್ಲ. 2017ರಲ್ಲಿ ರಿಪಬ್ಲಿಕನ್ ಬಹುಮತದ ಶಾಸನಸಭೆಯೇ ಗವರ್ನರ್ ಅವರ ವೀಟೋವನ್ನು ತಳ್ಳಿಹಾಕಿ ತೆರಿಗೆ ಏರಿಸಿತು.

2018ರಲ್ಲಿ ಅದೇ ಕಡಿತದ ಹಾದಿ ಹಿಡಿದ ಕ್ರಿಸ್ ಕೋಬಾಕ್ ಗವರ್ನರ್ ಅಭ್ಯರ್ಥಿಯಾಗಲು ರಿಪಬ್ಲಿಕನ್ ಪಕ್ಷದೊಳಗೆ ನಡೆದ ಸ್ಪರ್ಧೆಯನ್ನು ಕೇವಲ 343 ಮತಗಳಿಂದ ಗೆದ್ದರು. ಮಧ್ಯಮಮಾರ್ಗಿ ರಿಪಬ್ಲಿಕನ್ನರಲ್ಲಿ ಹಲವರು ಅವರಿಂದ ದೂರ ಸರಿದರು. ಶಾಲೆಗಳನ್ನೇ ಪ್ರಚಾರದ ಕೇಂದ್ರವಾಗಿಸಿಕೊಂಡ ಡೆಮಾಕ್ರಟಿಕ್ ಅಭ್ಯರ್ಥಿ ಲಾರಾ ಕೆಲಿ ಸುಮಾರು 5 ಶೇಕಡಾಂಶ ಅಂತರದಿಂದ ಗೆದ್ದರು, 2022ರಲ್ಲಿ ಮರು ಆಯ್ಕೆಯೂ ಆದರು. ಅಧ್ಯಕ್ಷರ ಚುನಾವಣೆಯಲ್ಲಿ ಮಾತ್ರ ಕ್ಯಾನ್ಸಸ್ 1964ರ ನಂತರ ಡೆಮಾಕ್ರಟರನ್ನು ಗೆಲ್ಲಿಸಿಲ್ಲ.