ಹಸಿರು ಜೋಡಿಗೆ ನೀಲಿ ಮರಿ ಹೇಗೆ?

ಪ್ರಶ್ನೆ: ನಮ್ಮ ಲವ್ ಬರ್ಡ್ಸ್ (ಬಜರಿಗರ್) ಜೋಡಿ ಎರಡೂ ಹಸಿರು. ಪಂಜರದಲ್ಲಿ ಬೇರೆ ಹಕ್ಕಿ ಇಲ್ಲ. ಆದರೂ ಐದು ಮರಿಗಳಲ್ಲಿ ಒಂದು ನೀಲಿ ಬಂದಿದೆ. ನವಣೆ ಹೆಚ್ಚಾಗಿದ್ದಕ್ಕೆ ಅನ್ನುತ್ತಾರೆ, ನಿಜವೇ? – ಓದುಗರು, ಗಂಗಾವತಿ

ಉತ್ತರ: ನವಣೆಗೂ ಇದಕ್ಕೂ ಸಂಬಂಧವಿಲ್ಲ, ಹಾಕುತ್ತಲೇ ಇರಿ. ಈ ಹಕ್ಕಿಯ ಗರಿಯ ರಚನೆ, ಅದರೊಳಗಿನ ಕಪ್ಪು ವರ್ಣಕ ಎರಡೂ ಸೇರಿ ನೀಲಿ ಕಾಣಿಸುತ್ತವೆ. ಅದರ ಮೇಲೆ ಹಳದಿ ಕೂತರೆ ಹಸಿರು. ಹಳದಿ ತಯಾರಾಗದಿದ್ದರೆ ನೀಲಿ, ಕಪ್ಪು ಇಲ್ಲದಿದ್ದರೆ ಲುಟಿನೋ ಹಳದಿ, ಎರಡೂ ಇಲ್ಲದಿದ್ದರೆ ಆಲ್ಬಿನೋ ಬಿಳಿ.

ಮರಿ ನೀಲಿಯಾಗಲು ಅಪ್ಪನಿಂದೊಂದು, ಅಮ್ಮನಿಂದೊಂದು ನೀಲಿ ಜೀನ್ ಬರಬೇಕು. ಒಂದೇ ಇದ್ದ ಹಕ್ಕಿ ಹಸಿರಾಗಿಯೇ ಇರುತ್ತದೆ. ಸಾಕುವವರು ಅದಕ್ಕೆ ‘ಸ್ಪ್ಲಿಟ್’ ಎನ್ನುತ್ತಾರೆ. ನಿಮ್ಮ ಜೋಡಿ ಎರಡೂ ಸ್ಪ್ಲಿಟ್. ಪ್ರತಿ ಮೊಟ್ಟೆಗೂ ನೀಲಿಯ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಂತ ಪ್ರತಿ ಗೂಡಿಗೂ ನೀಲಿ ಕಾಯಬೇಡಿ: ಐದು ಮರಿ ಎದ್ದರೂ ಒಂದೂ ನೀಲಿ ಬಾರದಿರುವ ಸಾಧ್ಯತೆ ನೂರಕ್ಕೆ 24. ಹಸಿರು ಮರಿಗಳಲ್ಲಿ ಸರಾಸರಿ ಮೂರಕ್ಕೆ ಎರಡು ಸ್ಪ್ಲಿಟ್, ಆದರೆ ನೋಡಿ ಹೇಳಲಾಗದು. ಬೆಳೆದ ಮೇಲೆ ಬೇರೆ ಮನೆತನದ ನೀಲಿ ಹಕ್ಕಿಗೆ ಜೋಡಿ ಹಾಕಿ. ಒಂದೇ ಒಂದು ನೀಲಿ ಮರಿ ಬಂದರೂ ಸ್ಪ್ಲಿಟ್ ಎಂಬುದು ಖಾತ್ರಿ.

ಪ್ರಶ್ನೆ: ಕೆಂಪುಗಣ್ಣಿನ ಲುಟಿನೋ ಹೆಣ್ಣನ್ನು ಹಸಿರು ಗಂಡಿಗೆ ಹಾಕಿದೆ. ಎರಡು ಸಲವೂ ಬರೀ ಹಸಿರು ಮರಿ. ಹೆಣ್ಣಿನಲ್ಲಿ ದೋಷವೇ? – ಓದುಗರು, ಸಿಂಧನೂರು

ಉತ್ತರ: ಹೆಣ್ಣು ಸರಿಯಾಗಿಯೇ ಇದೆ, ಜೋಡಿ ಉಲ್ಟಾ ಆಗಿದೆ. ಲುಟಿನೋ ಜೀನ್ ಇರುವುದು ಗಂಡು-ಹೆಣ್ಣು ನಿರ್ಧರಿಸುವ ಝಡ್ ವರ್ಣತಂತುವಿನ ಮೇಲೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ. ಹೆಣ್ಣುಮರಿಗೆ ಆ ಝಡ್ ಬರುವುದು ಅಪ್ಪನಿಂದ ಮಾತ್ರ. ಅಪ್ಪ ಸ್ಪ್ಲಿಟ್ ಅಲ್ಲದ ಹಸಿರಾದರೆ ಮಗಳೂ ಹಸಿರು. ನಿಮ್ಮ ಗಂಡುಮರಿಗಳು ಮಾತ್ರ ಎಲ್ಲವೂ ಸ್ಪ್ಲಿಟ್, ಅವನ್ನು ಮಾರಬೇಡಿ. ಹೆಣ್ಣು ಲುಟಿನೋಗೆ ಸ್ಪ್ಲಿಟ್ ಆಗಲು ಸಾಧ್ಯವೇ ಇಲ್ಲ. ‘ಸ್ಪ್ಲಿಟ್ ಹೆಣ್ಣು’ ಎಂದು ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಎದ್ದು ಬನ್ನಿ.

ಲುಟಿನೋ ಗಂಡಿಗೆ ಹಸಿರು ಹೆಣ್ಣು ಹಾಕಿ ನೋಡಿ: ಹೆಣ್ಣುಮರಿಗಳೆಲ್ಲ ಹಳದಿ, ಗಂಡೆಲ್ಲ ಹಸಿರು ಸ್ಪ್ಲಿಟ್. ಮರಿ ಹೊರಬಂದ ದಿನವೇ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಕೆಂಪಾಗಿ ಕಂಡರೆ ಹಳದಿ ಹೆಣ್ಣು, ಕಪ್ಪಾಗಿ ಕಂಡರೆ ಗಂಡು. ಗಂಡನ್ನು ಬದಲಿಸುವ ಮುನ್ನ ಹೆಣ್ಣನ್ನು ಒಂದು ತಿಂಗಳು ಒಂಟಿಯಾಗಿಡಿ. ಹಳೆಯ ಗಂಡಿನ ವೀರ್ಯ ಅದರ ದೇಹದಲ್ಲಿ ಉಳಿದಿದ್ದರೆ ಲೆಕ್ಕ ತಪ್ಪುತ್ತದೆ. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿಗೆ ಗೂಡಿನ ಮಡಿಕೆ ಹೇಗೂ ತೆಗೆದಿಡಬೇಕು, ಆ ಬಿಡುವನ್ನೇ ಬಳಸಿಕೊಳ್ಳಿ.

ಪ್ರಶ್ನೆ: ಬಿಳಿ ಹಕ್ಕಿಯಲ್ಲಿ ಗಂಡು ಯಾವುದು? ಮೂಗು ನೀಲಿಯೇ ಆಗುತ್ತಿಲ್ಲ. – ಓದುಗರು, ಬಳ್ಳಾರಿ

ಉತ್ತರ: ಹಸಿರು, ನೀಲಿ ಗಂಡಿನಂತೆ ಇದರ ಮೂಗು ನೀಲಿ ಆಗುವುದೂ ಇಲ್ಲ. ಆಲ್ಬಿನೋ, ಲುಟಿನೋ ಗಂಡಿನ ಮೂಗು ಬೆಳೆದ ಮೇಲೂ ಗುಲಾಬಿ-ನೇರಳೆಯಾಗಿಯೇ ಉಳಿಯುತ್ತದೆ. ಹೊಳ್ಳೆಯ ಸುತ್ತ ಬಿಳಿ ಉಂಗುರವಿದ್ದು, ಮೊಟ್ಟೆಯ ಕಾಲಕ್ಕೆ ಮೂಗು ಕಂದಾಗಿ ಒರಟಾದರೆ ಹೆಣ್ಣು.