ಮೆದ್ವೆದ್ ಗೆದ್ದ ವಿಶ್ವ ಚಿನ್ನ ಏಳೋ ಹತ್ತೋ?

ಸೋವಿಯತ್ ಕುಸ್ತಿಪಟು ಅಲೆಕ್ಸಾಂಡರ್ ಮೆದ್ವೆದ್‌ಗೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ಕಡೆ 7, ಇನ್ನೊಂದು ಕಡೆ 10 ಚಿನ್ನ ಅಂತ ಇದೆ, ಕ್ವಿಜ್‌ಗೆ ಯಾವುದು ಹಾಕಲಿ ಅಂತ ಕೇಳಿದ್ದೀರಿ. ಬಹುಶಃ ಹತ್ತು ಅಂದವರು ಒಲಿಂಪಿಕ್ಸ್ ಪದಕಗಳನ್ನೂ ಸೇರಿಸಿ ಎಣಿಸಿದ್ದಾರೆ. ನೀವು ಓದಿದ್ದನ್ನು ನಾನು ನೋಡಿಲ್ಲ, ಆದರೆ ಲೆಕ್ಕ ಸರಿಯಾಗಿ ಕೂರುತ್ತದೆ.

ಮೊದಲು ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ವಿಶ್ವ ಚಾಂಪಿಯನ್‌ಷಿಪ್: 1962, 1963, 1966, 1967, 1969, 1970, 1971. ಒಲಿಂಪಿಕ್ಸ್: 1964 ಟೋಕಿಯೊ, 1968 ಮೆಕ್ಸಿಕೊ, 1972 ಮ್ಯೂನಿಕ್. ಏಳು, ಮೂರು; ಕೂಡಿದರೆ ಹತ್ತು.

ಆಮೇಲೆ ತೂಕದ ವಿಭಾಗ ನೋಡಿ. ಎಲ್ಲವೂ ಹೆವಿವೇಟ್ ಅಂತ ಬರೆದರೆ ತಪ್ಪಾಗುತ್ತದೆ. ಟೋಕಿಯೊದಲ್ಲಿ ಗೆದ್ದಿದ್ದು 97 ಕೆಜಿವರೆಗಿನ ವಿಭಾಗದಲ್ಲಿ. ಮೆಕ್ಸಿಕೊ, ಮ್ಯೂನಿಕ್ ಎರಡರಲ್ಲೂ ಅತಿ ಭಾರದ ವಿಭಾಗ. ಮ್ಯೂನಿಕ್‌ನಲ್ಲಿ ತನಗಿಂತ ಎಷ್ಟೋ ದಪ್ಪಗಿದ್ದ, 180 ಕೆಜಿ ದಾಟಿದ ಅಮೆರಿಕದ ಕ್ರಿಸ್ ಟೇಲರ್‌ನನ್ನು ಕಷ್ಟಪಟ್ಟು ಸೋಲಿಸಿದರು. ಕ್ವಿಜ್‌ಗೆ ನನ್ನ ಕೇಳಿದರೆ ಇದೇ ಒಳ್ಳೆ ಪ್ರಶ್ನೆ. (ರಷ್ಯನ್‌ನಲ್ಲಿ ‘ಮೆದ್ವೆದ್’ ಅಂದರೆ ಕರಡಿ, ಅದನ್ನೂ ಬಿಡಬೇಡಿ.)

ದೇಶದ ಹೆಸರಿನಲ್ಲೂ ಜನ ಎಡವುತ್ತಾರೆ. ಹುಟ್ಟಿದ್ದು 1937ರಲ್ಲಿ, ಉಕ್ರೇನಿನ ಬೀಲಾ ತ್ಸೆರ್ಕ್ವಾದಲ್ಲಿ. ನೆಲೆಸಿದ್ದು ಬೆಲಾರುಸ್‌ನ ಮಿನ್ಸ್ಕ್‌ನಲ್ಲಿ. ಆಡಿದ್ದು ಸೋವಿಯತ್ ಒಕ್ಕೂಟಕ್ಕೆ. ಸುಮ್ನೆ ‘ರಷ್ಯಾದವರು’ ಅಂತ ಹಾಕಬೇಡಿ, ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ.

ಪ್ರಶ್ನೆಯನ್ನು ಹೀಗೆ ಬರೆಯಿರಿ: ‘ಫ್ರೀಸ್ಟೈಲ್ ಕುಸ್ತಿಯಲ್ಲಿ 3 ಒಲಿಂಪಿಕ್ ಚಿನ್ನ, 7 ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಗೆದ್ದ ಸೋವಿಯತ್ ಪೈಲ್ವಾನ ಯಾರು?’